ಒಂಬೈನೂರ ಅರವತ್ತು ಚದರಡಿ

ಎಲ್ಲ ತಾಪತ್ರಯಕ್ಕೂ ಕಾರಣವಾದದ್ದು, ಬಿಲ್ ಕಲೆಕ್ಟರ್ ಪದ್ಮಯ್ಯ ತನ್ನ ಸ್ವಂತ ಮನೆಯನ್ನು ಸರಿಯಾಗಿ ಅಳೆದದ್ದು.

ಬೇರೆಯವರ ಮನೆಗಳನ್ನು ಆತ ಎಂದೂ ಸರಿಯಾಗಿ ಅಳೆದವನಲ್ಲ. ಬಿ.ಸಿ.ರೋಡಿನಲ್ಲಿ ಬೆಳ್ತಂಗಡಿ ಬಸ್ಸು ಹತ್ತಿದರೆ ಅರ್ಧ ಗಂಟೆಯಲ್ಲಿ ಸಿಗುವ ಸಣ್ಣ ಪೇಟೆ ಸಂಪಿಗೆಬೈಲು. ಅಲ್ಲಿನ ಪಟ್ಟಣ ಪಂಚಾಯತಿನಲ್ಲಿ ಇಪ್ಪತ್ತೇಳು ವರ್ಷದಿಂದ ಮನೆತೆರಿಗೆ ವಸೂಲಿ ಮಾಡುತ್ತಿದ್ದ ಪದ್ಮಯ್ಯನ ಟೇಪು ಯಾವತ್ತೂ ಹಿಂದಿನ ಗೋಡೆಯವರೆಗೆ ಹೋದದ್ದಿಲ್ಲ. ಲಂಚಕ್ಕಾಗಿ ಅಲ್ಲ, ಯಾರಿಂದಲೂ ಒಂದು ಬೀಡಿಯನ್ನೂ ತೆಗೆದುಕೊಂಡವನಲ್ಲ ಆತ. ಮನೆಯವರು ನೀರು ಬೆಲ್ಲ ತಂದಿಟ್ಟು, ಗಂಡನ ದಮ್ಮಿನ ವಿಷಯವನ್ನೋ ಮಗಳ ಬಾಣಂತನದ ವಿಷಯವನ್ನೋ ತೆಗೆದರೆ ಸಾಕು, ಟೇಪಿನ ತುದಿ ಅಡುಗೆಕೋಣೆಯ ಹೊಸ್ತಿಲಲ್ಲಿ ದಣಿದ ಎತ್ತಿನ ಹಾಗೆ ನಿಂತುಬಿಡುತ್ತಿತ್ತು. "ಇಷ್ಟು ಸಾಕು ಬಿಡಿ" ಎಂದು ಪದ್ಮಯ್ಯ ಬರೆದುಕೊಳ್ಳುತ್ತಿದ್ದ. ವರ್ಷಗಳ ಅಭ್ಯಾಸದಿಂದ ಅವನ ಕೈಗೆ ಒಂದು ಲೆಕ್ಕ ಕೂತಿತ್ತು: ನಾಲ್ಕು ಪಾಲು ಇದ್ದಲ್ಲಿ ಮೂರು ಪಾಲು ಬರೆಯುವುದು.

ಆತನ ಸ್ವಂತ ಮನೆಯೂ ಆ ಪೇಟೆಯ ತೋಡಿನ ಬದಿ ಎಂಬ ಕೇರಿಯಲ್ಲೇ ಇತ್ತು. ಒಟ್ಟು ನಲವತ್ತು ಮನೆ, ನಡುವೆ ಒಂದು ತೋಡು, ಮಳೆನೀರು ಹರಿಯುವ ಸಣ್ಣ ಹಳ್ಳ. ಬೇಸಿಗೆಯಲ್ಲಿ ಆ ತೋಡಿನೊಳಗೆ ಕೋಳಿಗಳು ಅಡ್ಡಾಡುತ್ತಿದ್ದವು. ಮಳೆ ಸುರಿಯುವ ಆಟಿ ತಿಂಗಳಲ್ಲಿ ತೋಡು ತಾನೇ ಎದ್ದು ಮನೆಮನೆಯ ಅಡುಗೆಕೋಣೆಗೆ ಹೋಗಿ ಬರುತ್ತಿತ್ತು.

ಎರಡು ಸಾವಿರದ ಎಂಟನೇ ಇಸವಿಯಲ್ಲಿ ತೋಡಿನ ಎರಡೂ ಬದಿಗೆ ಕಲ್ಲಿನ ತಡೆಗೋಡೆ ಕಟ್ಟುವುದೆಂದು ತೀರ್ಮಾನವಾಯಿತು. ಖರ್ಚಿನಲ್ಲಿ ಮೂರು ಲಕ್ಷವನ್ನು ಕೇರಿಯವರೇ ಹಂಚಿಕೊಂಡು ಕೊಡಬೇಕು. ಯಾರ ಮನೆ ದೊಡ್ಡದೋ ಅವರ ಪಾಲು ದೊಡ್ಡದು. ಕೇರಿಗೆ 'ವಿಶೇಷ ಕರ ವಲಯ' ಎಂಬ ಹೊಸ ಹೆಸರು ಬಂತು. ಜೊತೆಗೆ ಮೇಲಿನಿಂದ ಒಂದು ಆದೇಶವೂ ಬಂತು. ಇಂಥ ವಲಯದ ಪ್ರತಿಯೊಂದು ಮನೆಯ ಅಳತೆಯೂ ಇಂಟರ್ನೆಟ್ಟಿನಲ್ಲಿ ಮೂವತ್ತು ದಿನ ಎಲ್ಲರಿಗೂ ಕಾಣುವಂತಿರಬೇಕು, ತಪ್ಪಿದ್ದರೆ ಯಾರು ಬೇಕಾದರೂ ತಿದ್ದುಪಡಿ ಕೇಳಬಹುದು. ಮೂವತ್ತನೆಯ ದಿನ ಸಂಜೆ ಐದಕ್ಕೆ ಪಟ್ಟಿ ಮುಚ್ಚಬೇಕು. ಆಮೇಲೆ ಯಾರಿಗೆ ಎಷ್ಟು ರೂಪಾಯಿ ಎಂದು ಲೆಕ್ಕ ಹಾಕಿ, ಅದನ್ನೂ ಅಲ್ಲೇ ಹಾಕಬೇಕು. ಹೀಗೆ ಮಾಡದಿದ್ದರೆ ವಸೂಲಿ ಊರ್ಜಿತವಲ್ಲ.

ಪದ್ಮಯ್ಯ ಟೇಪು ಹಿಡಿದು ಕೇರಿಯಿಡೀ ಸುತ್ತಿದ. ಜೀನಸು ಅಂಗಡಿಯ ಹಾಜಬ್ಬರ ಮಹಡಿಯ ಕೋಣೆಯನ್ನು ಕಾಣದವನಂತೆ ಬಿಟ್ಟು ಒಂಬೈನೂರ ನಲವತ್ತು ಚದರಡಿ ಎಂದು ಬರೆದ. ಸೊಸೈಟಿ ಬ್ಯಾಂಕಿನಿಂದ ನಿವೃತ್ತರಾದ ಮ್ಯಾನೇಜರ್ ಕೃಷ್ಣಪ್ರಸಾದರ ಕಾರು ನಿಲ್ಲಿಸುವ ಶೆಡ್ಡು ಬಿಟ್ಟು ಏಳುನೂರ ಇಪ್ಪತ್ತು. ಇಪ್ಪತ್ತಮೂರನೇ ನಂಬರಿನ ಬೀಬಿಯ ಮನೆಗೆ ಬಂದಾಗ ಟೇಪು ಜಗಲಿ ದಾಟಲೇ ಇಲ್ಲ. ಗಂಡ ತೀರಿ ಒಂಬತ್ತು ವರ್ಷ. ಜಗಲಿಯಲ್ಲಿ ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟಿಯೇ ಮಗಳು ಸಜ್ನಾಳ ಮದುವೆ ಮಾಡಿದ ಹೆಂಗಸು. ಅವಳ ಮನೆ ನಾನೂರ ಇಪ್ಪತ್ತು ಚದರಡಿ ಇತ್ತು. ಪದ್ಮಯ್ಯ ಜಗಲಿಯೊಂದನ್ನೇ ಅಳೆದು ನೂರ ನಲವತ್ತು ಎಂದು ಬರೆದ. ಬೀಬಿ ಅಳತೆಯ ಕಡೆ ನೋಡಲೂ ಇಲ್ಲ. ಎಲೆ ಕತ್ತರಿಸುತ್ತಲೇ ಇದ್ದಳು.

ಕೊನೆಗೆ ಉಳಿದದ್ದು ಹದಿನೇಳನೇ ನಂಬರು, ಸ್ವಂತ ಮನೆ. ಪೆನ್ಶನಿಗೆ ಮೂರು ವರ್ಷವಿತ್ತು. ಅಳೆಯುವವನೇ ತನ್ನದನ್ನು ಕಡಿಮೆ ಬರೆದುಕೊಂಡ ಎಂಬ ಮಾತು ಬರಬಾರದೆಂದು, ಟೇಪಿನ ಒಂದು ತುದಿಯನ್ನು ಹೆಂಡತಿ ವಾರಿಜಳ ಕೈಗೆ ಕೊಟ್ಟು ಗೋಡೆಯಿಂದ ಗೋಡೆಗೆ ಎಳೆದ. ಒಂಬೈನೂರ ಅರವತ್ತು. ಹಾಗೆಯೇ ಬರೆದ. ಕೇರಿಯ ಅತಿ ದೊಡ್ಡ ಅಂಕಿ ಅದೇ ಆಯಿತೆಂಬುದು ಆಗ ಅವನ ತಲೆಗೆ ಹೊಳೆಯಲಿಲ್ಲ.

ಇಪ್ಪತ್ತೊಂಬತ್ತು ದಿನ ಆ ಪಟ್ಟಿ ಇಂಟರ್ನೆಟ್ಟಿನಲ್ಲಿತ್ತು. ಸಂಪಿಗೆಬೈಲಿನ ಒಬ್ಬನೂ ನೋಡಲಿಲ್ಲ. ನೋಡಿದವನು ದುಬೈಯಲ್ಲಿದ್ದ ಹಾಜಬ್ಬರ ಮಗ ಫಯಾಝ್. ಇಪ್ಪತ್ತೊಂಬತ್ತನೆಯ ದಿನ ಆತ ಫೋನು ಮಾಡಿ, "ಬಾಪಾ, ನಮ್ಮ ಮನೆ ಇಲ್ಲಿ ಕಂಪ್ಯೂಟರಿನಲ್ಲಿ ಕಾಣ್ತದೆ" ಎಂದ. ಮರುದಿನ ಬೆಳಿಗ್ಗೆ ಎಂಟೂವರೆಗೆಲ್ಲ ಹಾಜಬ್ಬರು ಇಬ್ರಾಹಿಂ ಖಲೀಲನ ಸೈಬರ್ ಕೆಫೆಯ ಬಾಗಿಲಲ್ಲಿದ್ದರು. ನಾಲ್ಕು ವರ್ಷ ಶಾರ್ಜಾದಲ್ಲಿ ದುಡಿದು ಬಂದ ಖಲೀಲ್ ಉದಾರಿ. ಹಾಜಬ್ಬರಿಗೆ ಒಂದು ಪ್ರತಿ ತೆಗೆದುಕೊಟ್ಟು, ಇನ್ನೊಂದನ್ನು ಎಲ್ಲರಿಗೂ ಕಾಣುವಂತೆ ಗಾಜಿನ ಬಾಗಿಲಿಗೆ ಅಂಟಿಸಿಬಿಟ್ಟ.

ಒಂಬತ್ತಕ್ಕೆ ಆಫೀಸಿಗೆ ಹೊರಟ ಪದ್ಮಯ್ಯ ನೋಡುವಾಗ ಸೈಬರ್ ಎದುರು ಮೀನಿನ ವ್ಯಾನು ನಿಂತಷ್ಟು ಜನ. ಆದರೆ ಗಲಾಟೆಯಿಲ್ಲ. ತನ್ನ ಮನೆಯ ಅಳತೆ ಕಡಿಮೆಯಾದದ್ದನ್ನು ಪ್ರತಿಯೊಬ್ಬನೂ ಗುಟ್ಟಾಗಿ ಇಟ್ಟುಕೊಂಡಿದ್ದ. ಆ ಉಪಕಾರ ತನಗೊಬ್ಬನಿಗೇ ಆದದ್ದೆಂದು ತಿಳಿದಿದ್ದ. ಈಗ ನೋಡಿದರೆ ಮನೆಮನೆಗೂ ಆಗಿದೆ. ಮದುಮಗಳಿಗೆಂದು ಇಟ್ಟ ಸೀರೆ ಊರಿಗೆಲ್ಲ ಹಂಚಿದ್ದೆಂದು ತಿಳಿದವರ ಹಾಗೆ ಎಲ್ಲರ ಮುಖವೂ ಇಳಿದಿತ್ತು.

ಕೃಷ್ಣಪ್ರಸಾದರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಪಟ್ಟಿಯ ಮೇಲೆ ಬೆರಳು ಓಡಿಸುತ್ತಿದ್ದರು. ಬ್ಯಾಂಕಿನಲ್ಲಿದ್ದಾಗ ಸಾಲದ ಅರ್ಜಿ ಓದಿದ್ದೂ ಹೀಗೆಯೇ. ಬೆರಳು ಹದಿನೇಳರಲ್ಲಿ ನಿಂತಿತು.

"ಪದ್ಮಯ್ಯ, ನಿಮ್ಮದು ಒಂಬೈನೂರ ಅರವತ್ತಾ?"

"ಹೌದು ಮ್ಯಾನೇಜರೇ."

"ನಮ್ಮ ಯಾರದ್ದೂ ಅಷ್ಟಿಲ್ಲ."

"ನನ್ನದು ಇದ್ದದ್ದು ಅಷ್ಟು. ಹಾಗೆ ಬರೆದೆ."

ಗುಂಪಿನಲ್ಲಿ ಒಬ್ಬಿಬ್ಬರು ನಕ್ಕರು. ತೆರಿಗೆಯ ಕಾಗದದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದವನನ್ನು ಅವರು ಅದುವರೆಗೆ ಕಂಡಿರಲಿಲ್ಲ. ಕಂಡದ್ದನ್ನು ನಂಬಲೂ ಇಲ್ಲ.

ಕೃಷ್ಣಪ್ರಸಾದರು ನಗಲಿಲ್ಲ. "ಮಾಣಿ ಪೇಟೆಯಲ್ಲಿ ನನ್ನ ಭಾವನ ಹೋಟೆಲು ಇತ್ತು," ಎಂದು ಶುರು ಮಾಡಿದರು. "ಹೈವೇ ಅಗಲ ಮಾಡುವಾಗ ಹೋಯ್ತು. ಪರಿಹಾರ ಕೊಟ್ಟದ್ದು ಯಾವ ಲೆಕ್ಕದಲ್ಲಿ? ತೆರಿಗೆ ಪಟ್ಟಿಯ ಲೆಕ್ಕದಲ್ಲಿ. ಭಾವ ತೆರಿಗೆ ಉಳಿಸಲಿಕ್ಕೆ ಎಂಟುನೂರು ಅಡಿಯನ್ನು ಮುನ್ನೂರು ಮಾಡಿಸಿದ್ದ. ಮುನ್ನೂರರ ಹಣವೇ ಬಂತು. ಅವನು ಈಗಲೂ ಊಟಕ್ಕೆ ಕೂತರೆ ಅದನ್ನೇ ಹೇಳುವುದು."

"ಅದಕ್ಕೂ ಇದಕ್ಕೂ ಎಂತ ಸಂಬಂಧ?" ಎಂದು ಹಾಜಬ್ಬರು ಕೇಳಿದರು.

"ಯೋಚನೆ ಮಾಡಿ ಹಾಜಬ್ಬರೇ. ತೋಡಿಗೆ ಗೋಡೆ ಕಟ್ಟುವುದಕ್ಕೆ ವಿಶೇಷ ವಲಯ ಯಾಕೆ? ದುಬೈಯಲ್ಲಿ ಕೂತವನಿಗೂ ಕಾಣುವ ಹಾಗೆ ಕಂಪ್ಯೂಟರಿಗೆ ಯಾಕೆ ಹಾಕಬೇಕು? ಸರಕಾರ ಕಿತ್ತುಕೊಳ್ಳುವುದನ್ನು ಯಾವತ್ತಾದರೂ ಊರಿಗೆ ತೋರಿಸಿ ಮಾಡ್ತದಾ? ಕೊಡುವುದನ್ನು ಮಾತ್ರ ತೋರಿಸುವುದು. ತೋಡು ಅಗಲ ಮಾಡ್ತಾರೆ, ನಮ್ಮ ಜಾಗ ಹೋಗ್ತದೆ, ಪರಿಹಾರ ಬರ್ತದೆ. ಈ ಪಟ್ಟಿಯೇ ಅದಕ್ಕೆ ಆಧಾರ. ಒಳಗಿನ ಸುದ್ದಿ ಗೊತ್ತಿದ್ದವರು ಆಫೀಸಿನಲ್ಲಿ ಯಾರಿದ್ದಾರೆ? ಪದ್ಮಯ್ಯ. ಪಟ್ಟಿಯಲ್ಲಿ ದೊಡ್ಡ ಮನೆ ಯಾರದ್ದು? ಪದ್ಮಯ್ಯನದ್ದು."

ಬೆಂಕಿಕಡ್ಡಿ ಗೀರಿದ ಹಾಗಾಯಿತು. ಎಲ್ಲರೂ ಒಟ್ಟಿಗೆ ಪದ್ಮಯ್ಯನ ಕಡೆ ತಿರುಗಿದರು.

"ಹಾಗೆಲ್ಲ ಇಲ್ಲ ಮಾರಾಯ್ರೆ," ಎಂದ ಪದ್ಮಯ್ಯ. "ಇದು ಕೊಡಬೇಕಾದ ಹಣದ ಪಟ್ಟಿ. ಹೆಚ್ಚು ಬರೆಸಿದರೆ ಹೆಚ್ಚು ಕೊಡಬೇಕು, ಅಷ್ಟೇ."

"ಹಾಗಾದರೆ ನೀವು ಯಾಕೆ ಹೆಚ್ಚು ಬರೆದದ್ದು?" ಹಾಜಬ್ಬರ ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. "ಮೂವತ್ತು ವರ್ಷದಿಂದ ನನ್ನ ಅಂಗಡಿಯ ಅಕ್ಕಿ ತಿಂದಿದ್ದೀರಿ. ಒಂದು ಮಾತು ಹೇಳಬಹುದಿತ್ತು."

"ಹಾಜಬ್ಬಾಕ, ನಾನು ಸತ್ಯವನ್ನೇ ಬರೆದದ್ದು."

"ನಮ್ಮದು ಮಾತ್ರ ಸುಳ್ಳು ಬರೆದಿರಾ?"

ಹೌದು, ನಿಮ್ಮದೆಲ್ಲ ನಾನು ಕನಿಕರದಿಂದ ಬರೆದ ಸುಳ್ಳು ಎಂದು ಪೇಟೆಯ ನಡುವೆ ನಿಂತು ಹೇಳಿದರೆ ಪದ್ಮಯ್ಯನ ಪೆನ್ಶನು ಅಲ್ಲಿಗೇ ಮುಗಿದ ಹಾಗೆ. ಅಷ್ಟರಲ್ಲಿ ಖಲೀಲ್ ಒಳಗಿನಿಂದ ತಲೆ ಹೊರಗೆ ಹಾಕಿ, "ತಿದ್ದುಪಡಿಗೆ ಇವತ್ತೇ ಕಡೇ ದಿನ, ಐದು ಗಂಟೆಗೆ ಮುಚ್ಚುವುದಂತೆ. ಫಾರ್ಮು ನನ್ನಲ್ಲಿ ಉಂಟು, ಒಂದಕ್ಕೆ ಎರಡು ರೂಪಾಯಿ" ಎಂದ.

ಹತ್ತು ಗಂಟೆಗೆ ತೋಡಿನ ಬದಿ ಸಮರದ ಬೀದಿಯಾಗಿತ್ತು. ಟೇಪು ಇದ್ದವರು ಟೇಪಿನಿಂದ, ಇಲ್ಲದವರು ಸೊಳ್ಳೆಪರದೆಯ ದಾರದಿಂದ, ಕೊಡೆಯಿಂದ, ಒಬ್ಬರು ತಮ್ಮ ಆರಡಿ ಎತ್ತರದ ಅಳಿಯನನ್ನೇ ನೆಲದ ಮೇಲೆ ಮಲಗಿಸಿ ಮನೆ ಅಳೆದರು. ತಿಂಗಳ ಹಿಂದೆ "ಅದೆಂತ ಕೋಣೆಯಾ, ಕಟ್ಟಿಗೆ ಹಾಕುವ ಮೂಲೆ" ಎಂದು ಬಾಗಿಲೆಳೆದುಕೊಂಡವರು ಈಗ ಅದೇ ಬಾಗಿಲು ತೆರೆದು ಗೋಡೆ ತಟ್ಟಿ ತೋರಿಸುತ್ತಿದ್ದರು. ಹಾಜಬ್ಬರ ಮಹಡಿ ಎಲ್ಲರೆದುರು ಬಯಲಿಗೆ ಬಂತು. ಪಕ್ಕದ ಮನೆಯ ತುಕ್ರಪ್ಪ ಕೋಳಿಗೂಡನ್ನು ಸೇರಿಸಿದ. ಆಮೇಲೆ ಬಾವಿಯ ಕಟ್ಟೆ ಅಳೆದು, ಆಳವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರಾ ಎಂದು ಮ್ಯಾನೇಜರರನ್ನು ಕೇಳಿದ.

ಪದ್ಮಯ್ಯ ಆಫೀಸಿಗೆ ಓಡಿದ. ಅಲ್ಲಿ ಅವನ ಗ್ರಹಚಾರಕ್ಕೆ, ಪಟ್ಟಿ ಮುಚ್ಚುವುದನ್ನು ನೋಡಿಕೊಳ್ಳಲು ಮಂಗಳೂರಿನಿಂದ ಒಬ್ಬ ಅಧಿಕಾರಿ ಬಂದು ಕೂತಿದ್ದರು. ಹೆಸರು ಶ್ರಾವ್ಯಾ, ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗಿ, ಕೆಲಸಕ್ಕೆ ಸೇರಿ ಎರಡು ವರ್ಷ. ಎದುರಿಗೆ ಕಂಪ್ಯೂಟರು, ಪಕ್ಕದಲ್ಲಿ ಹೊಸ ಟೇಪು.

"ನೀವೇ ಅಳೆದವರಾ?" ಎಂದು ಕೇಳಿದರು.

"ಹೌದು ಮೇಡಂ."

"ಚೆನ್ನಾಗಿ ಮಾಡಿದ್ದೀರಿ. ಒಂದೇ ಒಂದು ತಕರಾರೂ ಬಂದಿಲ್ಲ."

ಹೀಗೆ ಹೇಳಿ ಅವರು ಬಾಯಿ ಮುಚ್ಚುವ ಮೊದಲೇ ಕೃಷ್ಣಪ್ರಸಾದರು ಮೆಟ್ಟಿಲು ಹತ್ತಿದರು. ಅವರ ಹಿಂದೆ ಹಾಜಬ್ಬರು, ಅವರ ಹಿಂದೆ ತುಕ್ರಪ್ಪ, ಅವನ ಹಿಂದೆ ಇಡೀ ತೋಡಿನ ಬದಿ. ಸೊಸೈಟಿಗೆ ಸೀಮೆಎಣ್ಣೆ ಬಂದ ದಿನವೂ ಅಷ್ಟು ದೊಡ್ಡ ಸಾಲು ಆಗಿರಲಿಲ್ಲ.

"ನಮ್ಮ ಮನೆಯ ಅಳತೆ ಕಡಿಮೆ ಬಂದಿದೆ. ಹೆಚ್ಚು ಮಾಡಬೇಕು," ಎಂದರು ಕೃಷ್ಣಪ್ರಸಾದರು.

ಶ್ರಾವ್ಯಾ ಅವರಿಗೆ ಕೇಳಿದ್ದು ಸರಿಯೋ ತಪ್ಪೋ ಎಂಬ ಅನುಮಾನ ಬಂತು. "ಕಡಿಮೆ ಮಾಡಬೇಕಾ?"

"ಹೆಚ್ಚು. ಏಳುನೂರ ಇಪ್ಪತ್ತು ಅಂತ ಉಂಟು. ಒಂಬೈನೂರ ಅರವತ್ತೈದು ಆಗ್ತದೆ."

ಒಂಬೈನೂರ ಅರವತ್ತಲ್ಲ, ಅರವತ್ತೈದು. ಪದ್ಮಯ್ಯನನ್ನು ಐದಡಿಯಿಂದ ದಾಟಿದ ಸಮಾಧಾನ ಅವರ ಮುಖದಲ್ಲಿ ಕಾಣುತ್ತಿತ್ತು.

"ನೀವೇ ಬರೆದು ಸಹಿ ಹಾಕಿ ಕೊಡ್ತೀರಾ?"

"ಅದಕ್ಕೇ ಬಂದದ್ದು."

ಶ್ರಾವ್ಯಾ ಪದ್ಮಯ್ಯನ ಮುಖ ನೋಡಿದರು. ಒಬ್ಬೊಬ್ಬರೇ ಬಂದು ಒಂಬೈನೂರನ್ನು ಸಾವಿರದ ಇನ್ನೂರು ಮಾಡಿಸಿ, ಆರುನೂರನ್ನು ಎಂಟುನೂರು ಮಾಡಿಸಿ ಹೋಗುವುದನ್ನು ನೋಡುತ್ತ ನೋಡುತ್ತ ಅವರ ಕಣ್ಣಿನಲ್ಲಿದ್ದ ಮೆಚ್ಚುಗೆ ಆರಿ, ಬೇರೆ ಏನೋ ಅಲ್ಲಿ ಸೇರಿತು. "ಎಲ್ಲರದ್ದೂ ಸರಿಯಾಗಿ ನಾಲ್ಕನೇ ಒಂದು ಪಾಲು ಬಿಟ್ಟುಹೋಗಿದೆಯಲ್ಲ, ಪದ್ಮಯ್ಯ," ಎಂದರು ಮೆಲ್ಲಗೆ. "ನಿಮ್ಮ ಟೇಪು ಎಷ್ಟು ಹಳೆಯದು?"

"ಹಳೆಯದೇ ಮೇಡಂ."

"ಬದಲಾಯಿಸಿ."

ಆ ಹೆಂಗಸಿಗೆ ಎಲ್ಲ ಗೊತ್ತಾಗಿತ್ತು. ಜನರೇ ಬಂದು ಸರಿ ಮಾಡಿಸುತ್ತಿರುವುದರಿಂದ ಸುಮ್ಮನಿದ್ದರು, ಅಷ್ಟೇ. ಇನ್ನೊಂದು ಸಣ್ಣ ಎಳೆ ಸಿಕ್ಕಿದರೆ ಬಿಡುವವರಲ್ಲ.

ಮಧ್ಯಾಹ್ನ ವಾರಿಜಳೂ ಬಂದಳು. ಗಂಡನನ್ನು ಕಿಟಕಿಯ ಹತ್ತಿರ ಕರೆದು, "ನಮ್ಮ ಹೊರಗಿನ ಬಚ್ಚಲು ಕೋಣೆ ಸೇರಿಸಲೇ ಇಲ್ಲವಲ್ಲ ನೀವು," ಎಂದಳು. "ಊರವರೆಲ್ಲ ಕೋಳಿಗೂಡು ಸಮೇತ ಬರೆಸ್ತಾ ಇದ್ದಾರೆ. ನಮಗೆ ಮಾತ್ರ ಎಂತ ಕಡಿಮೆ?"

"ಅದಕ್ಕೆ ಮೇಲೆ ಮಾಡು ಇಲ್ಲ, ನಾಲ್ಕು ಗೋಡೆ ಮಾತ್ರ. ಮಾಡು ಇಲ್ಲದ್ದು ಲೆಕ್ಕಕ್ಕಿಲ್ಲ."

"ಮಾಡಿನ ವಿಷಯ ಕಂಪ್ಯೂಟರಿಗೆ ಹೇಗೆ ಗೊತ್ತಾಗ್ತದೆ?"

"ನಮ್ಮದು ಮುಟ್ಟುವುದು ಬೇಡ ವಾರಿಜ. ಇದ್ದದ್ದು ಸರಿ ಉಂಟು."

ವಾರಿಜ ಊಟದ ಬುತ್ತಿಯನ್ನು ಅಲ್ಲೇ ಕಿಟಕಿಯಲ್ಲಿಟ್ಟು ಮಾತಿಲ್ಲದೆ ಹೋದಳು. ಪದ್ಮಯ್ಯ ಬುತ್ತಿ ಬಿಚ್ಚಲಿಲ್ಲ.

ಅವನ ಕಣ್ಣು ಸಾಲಿನ ಮೇಲಿತ್ತು. ಉಳಿದವರ ಬಗ್ಗೆ ಅವನಿಗೆ ಅಷ್ಟು ಚಿಂತೆ ಇರಲಿಲ್ಲ. ಬೀಬಿ ಒಬ್ಬಳು ಬಾರದಿದ್ದರೆ ಸಾಕಿತ್ತು. ಒಂದು ಸಲ ಹೊರಗೆ ಹೋಗಿ ಹೇಳಿಬರೋಣ ಎಂದು ಎರಡು ಬಾರಿ ಎದ್ದ. ಎರಡೂ ಸಲ ಶ್ರಾವ್ಯಾ, "ಇಲ್ಲೇ ಇರಿ, ಸಹಿಗೆ ಸಾಕ್ಷಿ ಬೇಕು" ಎಂದರು. ಮೂರು ಗಂಟೆಯಾಯಿತು, ಮೂರೂವರೆಯಾಯಿತು. ಬೀಡಿ ಕಟ್ಟುವವರಿಗೆ ಸಾಲಿನಲ್ಲಿ ನಿಲ್ಲಲು ಪುರುಸೊತ್ತೆಲ್ಲಿ ಎಂದು ಪದ್ಮಯ್ಯ ತನಗೆ ತಾನೇ ಹೇಳಿಕೊಂಡ.

ನಾಲ್ಕೂ ಕಾಲಿಗೆ ಬೀಬಿ ಬಂದಳು. ಕಟ್ಟಿದ ಬೀಡಿಯನ್ನು ಬೀಡಿ ಕಂಪೆನಿಯ ಬ್ರಾಂಚಿಗೆ ಕೊಟ್ಟು ಬರುವಾಗ ಹಾಜಬ್ಬರು ದಾರಿಯಲ್ಲಿ ತಡೆದು, "ನೀನೊಬ್ಬಳೇ ಬಾಕಿ, ನಾಳೆ ಎಲ್ಲರಿಗೂ ಸಿಕ್ಕಿ ನಿನಗೆ ಸಿಗದಿದ್ದರೆ ನಮಗೆ ಪಾಪ" ಎಂದು ತಮ್ಮ ಖರ್ಚಿನಲ್ಲೇ ಫಾರ್ಮು ತುಂಬಿಸಿ ಕಳಿಸಿದ್ದರು. ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಆಕೆ ನೇರ ಪದ್ಮಯ್ಯನ ಮೇಜಿಗೆ ಬಂದಳು.

"ಪದ್ಮಯ್ಯಣ್ಣ, ಎಲ್ಲರೂ ಹೆಚ್ಚು ಮಾಡಿಸಿದ್ರಂತೆ. ನನಗೆ ಇದೆಲ್ಲ ಗೊತ್ತಾಗುವುದಿಲ್ಲ. ಈ ಫಾರ್ಮು ನಾನು ಕೊಡಬೇಕಾ, ಬೇಡ್ವಾ? ನೀವು ಹೇಳಿದ ಹಾಗೆ ಮಾಡ್ತೇನೆ."

ಪದ್ಮಯ್ಯ ತಲೆಯನ್ನು ಒಂದು ಕೂದಲಿನಷ್ಟು ಅತ್ತಿತ್ತ ಆಡಿಸಿದ. ಕಣ್ಣು ಮಿಟುಕಿಸಿದ. ಬೀಬಿಗೆ ತಿಳಿಯಲಿಲ್ಲ.

"ಕಣ್ಣಿಗೆ ಎಂತ ಬಿತ್ತು?" ಎಂದಳು.

ಪಕ್ಕದ ಮೇಜಿನಿಂದ ಶ್ರಾವ್ಯಾ ತಲೆಯೆತ್ತಿದರು. "ಏನಂತೆ ಅವರಿಗೆ? ಎಷ್ಟನೇ ನಂಬರು?"

"ಇಪ್ಪತ್ತಮೂರು ಮೇಡಂ," ಎಂದಳು ಬೀಬಿ.

ಶ್ರಾವ್ಯಾ ಪಟ್ಟಿ ನೋಡಿದರು. "ನೂರ ನಲವತ್ತು. ಪೂರ್ತಿ ಮನೆ ನೂರ ನಲವತ್ತಾ?" ಎಂದು ಹೊಸ ಟೇಪಿನ ಕಡೆ ಕೈ ಚಾಚಿದರು. "ಪದ್ಮಯ್ಯ, ಈ ಮನೆ ಒಮ್ಮೆ ನೋಡಿ ಬರುವ."

ಆ ಕ್ಷಣದಲ್ಲಿ ಪದ್ಮಯ್ಯ ಹೇಳಬಹುದಾಗಿದ್ದ ಮಾತುಗಳು ಬೇಕಾದಷ್ಟಿದ್ದವು. ಆಮೇಲೆ ಎಷ್ಟೋ ದಿನ ನಡೆಯುವಾಗ, ಕೂರುವಾಗ, ಮೀನಿನ ಮುಳ್ಳು ಬಿಡಿಸುವಾಗ ಅವು ಒಂದೊಂದಾಗಿ ಅವನಿಗೆ ಹೊಳೆದವು. ಮೇಡಂ, ಈಕೆಗೆ ಯಾರೂ ಇಲ್ಲ, ಇದೊಂದನ್ನು ಬಿಡಿ ಎನ್ನಬಹುದಿತ್ತು. ಆಕೆ ಬಿಡುತ್ತಿದ್ದರೋ ಏನೋ. ಬೀಬಿಯಕ್ಕ, ನೀವು ಮನೆಗೆ ಹೋಗಿ ಎಂದು ಗಟ್ಟಿಯಾಗಿ ಹೇಳಬಹುದಿತ್ತು. ಆದರೆ ಆಗ ಅವನ ಕಣ್ಣಿಗೆ ಕಂಡದ್ದು ಆ ಹಳದಿ ಟೇಪು ಮತ್ತು ಮೂರು ವರ್ಷದಾಚೆಯ ಪೆನ್ಶನು, ಎರಡೇ.

"ಇದ್ದದ್ದನ್ನು ಬರೆದು ಕೊಡಿ ಬೀಬಿಯಕ್ಕ," ಎಂದ, ಮೇಜಿನ ಮೇಲಿನ ಶಾಯಿಯ ಕಲೆಯನ್ನು ನೋಡುತ್ತ. "ನೋಡಿ ಬರುವುದು ಬೇಡ ಮೇಡಂ, ಅವರೇ ಕೊಡ್ತಾರೆ."

ಬೀಬಿ ಸಹಿ ಹಾಕಿದಳು. ಬೀಡಿ ಕಟ್ಟಿ ತುದಿ ಸವೆದ ಬೆರಳಲ್ಲಿ ನಿಧಾನಕ್ಕೆ ಎರಡಕ್ಷರ ಬರೆದು, "ಉಪಕಾರ ಆಯ್ತು ಪದ್ಮಯ್ಯಣ್ಣ" ಎಂದು ಹೇಳಿ ಹೋದಳು.

ಐದಕ್ಕೆ ಪಟ್ಟಿ ಮುಚ್ಚಿತು. ಶ್ರಾವ್ಯಾ ಜನರೆದುರು ನಿಂತು ಎರಡು ಮಾತಾಡಿದರು. ತಾನಾಗಿ ಮುಂದೆ ಬಂದು ನಿಜ ಬರೆಸಿದ ಇಂಥ ಕೇರಿಯನ್ನು ತಾನು ಕಂಡಿಲ್ಲ, ಜಿಲ್ಲೆಗೇ ಇದು ಮಾದರಿ ಎಂದರು. ಆಗ ಕೃಷ್ಣಪ್ರಸಾದರು ಎದ್ದು, ಪರಿಹಾರ ಯಾವಾಗ ಬರಬಹುದು ಎಂದು ಕೇಳಿದರು.

"ಯಾವ ಪರಿಹಾರ?"

"ತೋಡು ಅಗಲ ಮಾಡುವಾಗ ಹೋಗುವ ಜಾಗದ್ದು."

"ತೋಡು ಅಗಲ ಮಾಡುವುದಿಲ್ಲವಲ್ಲ. ಇದು ನೀವು ಕೊಡಬೇಕಾದ ಮೂರು ಲಕ್ಷದ ಪಟ್ಟಿ. ಅರ್ಧ ಗಂಟೆಯಲ್ಲಿ ಯಾರ ಪಾಲು ಎಷ್ಟು ಅಂತ ನೆಟ್ಟಿನಲ್ಲಿ ಬರ್ತದೆ," ಎಂದು ಹೇಳಿ ಅವರು ಬ್ಯಾಗು ಹೆಗಲಿಗೇರಿಸಿ ಮಂಗಳೂರು ಬಸ್ಸಿಗೆ ಹೊರಟುಬಿಟ್ಟರು.

ಐದೂವರೆಗೆ ಎಲ್ಲರೂ ಮತ್ತೆ ಖಲೀಲನ ಗಾಜಿನ ಬಾಗಿಲೆದುರು. ಈ ಸಲ ಅವನು ಹಾಳೆಯನ್ನು ಅಂಟಿಸುವ ಮೊದಲೇ ಕೃಷ್ಣಪ್ರಸಾದರು ಕಿತ್ತುಕೊಂಡರು. ಹಿಂದಿನ ಪಟ್ಟಿಯಂತೆ ನಲವತ್ತು ಮನೆ ಸೇರಿ ಮೂವತ್ತು ಸಾವಿರ ಚದರಡಿ. ಅಡಿಗೆ ಹತ್ತು ರೂಪಾಯಿ ಬೀಳುತ್ತಿತ್ತು. ಈಗ ನಲವತ್ತು ಸಾವಿರ ಅಡಿ, ಅಡಿಗೆ ಏಳೂವರೆ. ಅವರು ಜೇಬಿನಿಂದ ಪೆನ್ನು ತೆಗೆದು ಹಾಳೆಯ ಅಂಚಿನಲ್ಲಿ ಗುಣಿಸಿದರು, ಕೂಡಿಸಿದರು, ಮತ್ತೆ ಗುಣಿಸಿದರು. ಜನ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಹಾಗೆ ಕಾದರು.

"ನನಗೆ ಏಳು ಸಾವಿರದ ಇನ್ನೂರು ಆಗುವಲ್ಲಿ ಏಳು ಸಾವಿರದ ಇನ್ನೂರ ಮೂವತ್ತೇಳೂವರೆ," ಎಂದರು ಕೊನೆಗೆ. "ಹಾಜಬ್ಬರಿಗೆ ಐವತ್ತು ರೂಪಾಯಿ ಹೆಚ್ಚು. ತುಕ್ರಪ್ಪನಿಗೆ ಹತ್ತು."

"ಅಷ್ಟೇ ಅಲ್ವಾ," ಎಂದ ತುಕ್ರಪ್ಪ. ಅಷ್ಟು ದೊಡ್ಡ ಗಾಳಿಗೆ ಒಂದೇ ತೆಂಗಿನಕಾಯಿ ಬಿದ್ದಿತೇ ಎಂಬ ಸಮಾಧಾನ ಗುಂಪಿನಲ್ಲಿ ಹರಡುತ್ತಿತ್ತು.

"ನಿಲ್ಲಿ," ಎಂದರು ಕೃಷ್ಣಪ್ರಸಾದರು. "ಇಡೀ ಪಟ್ಟಿಯಲ್ಲಿ ಒಂದು ಮನೆಗೆ ಮಾತ್ರ ಕಡಿಮೆ ಆಗಿದೆ. ಒಂಬತ್ತು ಸಾವಿರದ ಆರುನೂರು ಕೊಡಬೇಕಾಗಿದ್ದವರಿಗೆ ಏಳು ಸಾವಿರದ ಇನ್ನೂರು. ಎರಡು ಸಾವಿರದ ನಾನೂರು ಉಳಿತಾಯ. ಹದಿನೇಳನೇ ನಂಬರು. ಇವತ್ತು ತಿದ್ದುಪಡಿ ಕೇಳದೆ ಉಳಿದ ಮನೆಯೂ ಅದೊಂದೇ."

ಕೃಷ್ಣಪ್ರಸಾದರ ಬೆರಳು ಇನ್ನೂ ಕೆಳಗಿಳಿದು ಇಪ್ಪತ್ತಮೂರಕ್ಕೆ ಬಂತು. "ಬೀಬಿ. ಸಾವಿರದ ನಾನೂರು ಆಗಬೇಕಾಗಿದ್ದದ್ದು ಮೂರು ಸಾವಿರದ ನೂರ ಐವತ್ತು. ಸಾವಿರದ ಏಳುನೂರ ಐವತ್ತು ಹೆಚ್ಚು." ಅವರು ಪೆನ್ನಿನ ಮುಚ್ಚಳ ಹಾಕಿದರು. "ಪದ್ಮಯ್ಯನಿಗೆ ಉಳಿದದ್ದರಲ್ಲಿ ಹೆಚ್ಚಿನ ಪಾಲು ಆ ಹೆಂಗಸಿನ ತಲೆಗೆ ಬಿದ್ದಿದೆ."

ಪದ್ಮಯ್ಯ ಗುಂಪಿನ ಹಿಂದೆಯೇ ನಿಂತಿದ್ದ. ಎಲ್ಲರೂ ಸರಿದು ದಾರಿ ಬಿಟ್ಟರು. ಅದು ಗೌರವದ ದಾರಿಯಾಗಿರಲಿಲ್ಲ.

"ಬೀಬಿಯಕ್ಕನದ್ದು ನಾನು ಬೇಕೆಂದೇ ಕಡಿಮೆ ಬರೆದದ್ದು," ಎಂದ ಪದ್ಮಯ್ಯ. ಬೆಳಿಗ್ಗೆ ಹೇಳದೆ ಉಳಿಸಿಕೊಂಡಿದ್ದ ಮಾತು ಈಗ ತಾನಾಗಿ ಹೊರಗೆ ಬಂತು. "ಎಲ್ಲರದ್ದೂ. ಕನಿಕರದಿಂದ ಬರೆದೆ. ನೀವೇ ಹೋಗಿ ಹೆಚ್ಚು ಮಾಡಿಸಿದ್ದು."

"ಹಾಗಾದರೆ ಅವಳು ಕೇಳುವಾಗ ಬೇಡ ಅಂತ ಹೇಳಬಹುದಿತ್ತಲ್ಲ," ಎಂದರು ಹಾಜಬ್ಬರು. "ನಾನು ಹೊರಗೆ ನಿಂತು ಕೇಳಿದ್ದೇನೆ. ಇದ್ದದ್ದನ್ನು ಬರೆದು ಕೊಡಿ ಅಂತ ಹೇಳಿದ್ದು ನೀವೇ."



"ಬುದ್ಧಿವಂತ ಮನುಷ್ಯ," ಎಂದ ಯಾರೋ ಹಿಂದಿನಿಂದ. ಒಬ್ಬೊಬ್ಬರಾಗಿ ಎಲ್ಲರೂ ಮನೆಗೆ ಹೋದರು. ಹಾಜಬ್ಬರು ಹೋಗುವ ಮೊದಲು ಅವನ ಹತ್ತಿರ ಬಂದು, "ಮುಂದಿನ ತಿಂಗಳಿಂದ ಅಕ್ಕಿ ಬೇರೆ ಅಂಗಡಿಯಿಂದ ತೆಗೆದುಕೊಳ್ಳಿ" ಎಂದು ಮೆಲ್ಲಗೆ ಹೇಳಿದರು. ಬೈದಿದ್ದರೆ ಒಳ್ಳೆಯದಿತ್ತು.

ಮನೆಯಲ್ಲಿ ವಾರಿಜ ಬಾಗಿಲಲ್ಲೇ ನಿಂತಿದ್ದಳು. ಸುದ್ದಿ ಅವನಿಗಿಂತ ಮೊದಲೇ ಮನೆ ಸೇರಿತ್ತು. ಮಧ್ಯಾಹ್ನ ಮಾತು ಬಿಟ್ಟು ಹೋದವಳು ಈಗ ಬಿಸಿ ಚಾ ತಂದು ಕೈಗಿತ್ತಳು. ಜೊತೆಗೆ ಗಸಗಸೆ ಹಾಕಿದ ಅತಿರಸ, ನೆಂಟರಿಗೆಂದು ಎತ್ತಿಟ್ಟದ್ದು.

"ಇಪ್ಪತ್ತೈದು ವರ್ಷ ನಿಮ್ಮನ್ನು ದಡ್ಡ ಅಂತಲೇ ತಿಳಿದಿದ್ದೆ," ಎಂದಳು. ದನಿಯಲ್ಲಿ ಮದುವೆಯಾದ ಹೊಸತರ ಮೆದುವಿತ್ತು. "ನಮ್ಮದು ಮುಟ್ಟಬೇಡ ಅಂತ ನೀವು ಹೇಳುವಾಗ ನನಗೆ ಅರ್ಥ ಆಗಲಿಲ್ಲ. ನನಗಾದರೂ ಹೇಳಬಹುದಿತ್ತು."

"ನಾನು ಏನೂ ಮಾಡಲಿಲ್ಲ ವಾರಿಜ."

"ನನ್ನ ಹತ್ತಿರವೂ ಹಾಗೇ ಹೇಳ್ತೀರಾ," ಎಂದು ವಾರಿಜ ನಕ್ಕಳು.

ಪದ್ಮಯ್ಯ ಚಾ ಕುಡಿಯಲಿಲ್ಲ. ಅಂಗಿಯ ಜೇಬು ನೋಡಿದ, ಪೆಟ್ಟಿಗೆ ತೆರೆದು ಅಲ್ಲಿದ್ದದ್ದನ್ನೂ ತೆಗೆದ, ತೋಡಿನ ಮೇಲಿನ ಸಂಕ ದಾಟಿ ಇಪ್ಪತ್ತಮೂರನೇ ನಂಬರಿಗೆ ಹೋದ.

ಬೀಬಿ ಎಂದಿನಂತೆ ಜಗಲಿಯಲ್ಲಿದ್ದಳು. ಮೊರ ಮಡಿಲಲ್ಲಿ, ಬೆರಳುಗಳು ತಮ್ಮಷ್ಟಕ್ಕೆ ಬೀಡಿ ಸುತ್ತುತ್ತಿದ್ದವು. ಅವನನ್ನು ಕಂಡು ಕೆಲಸ ನಿಲ್ಲಿಸಲಿಲ್ಲ. ಕೂರಲು ಹೇಳಲೂ ಇಲ್ಲ. ಮೂವತ್ತು ವರ್ಷದಲ್ಲಿ ಅದೊಂದು ಹೊಸತು.

"ಬೀಬಿಯಕ್ಕ, ಹೆಚ್ಚಾದದ್ದನ್ನು ನಾನು ಕೊಡ್ತೇನೆ," ಎಂದು ನೋಟುಗಳನ್ನು ಜಗಲಿಯ ಅಂಚಿನಲ್ಲಿಟ್ಟ. "ಸಾವಿರದ ಏಳುನೂರ ಐವತ್ತು. ಎಣಿಸಿಕೊಳ್ಳಿ."

ಬೀಬಿ ಒಂದು ಬೀಡಿಗೆ ನೂಲು ಸುತ್ತಿ ತುಂಡು ಮಾಡಿದಳು. "ನಿಮಗೆ ಉಳಿದದ್ದರಲ್ಲಾ?"

ಪದ್ಮಯ್ಯ ನೋಟುಗಳನ್ನು ಇನ್ನೂ ಸ್ವಲ್ಪ ಒಳಕ್ಕೆ ಸರಿಸಿದ.

"ಬೇಡ ಪದ್ಮಯ್ಯಣ್ಣ," ಎಂದಳು ಬೀಬಿ. ಮಡಿಲಿನ ಮೊರವನ್ನು ಬದಿಗಿಟ್ಟು, ನೋಟುಗಳನ್ನು ಮಡಚಿ ಅವನ ಕೈಗೇ ಕೊಟ್ಟಳು. "ನೀವು ನನಗೆ ಕೊಟ್ಟದ್ದು ನಾಳೆ ಕಂಪ್ಯೂಟರಿನಲ್ಲಿ ಬಂದರೆ ಜನ ಎಂತ ಹೇಳಿಯಾರು? ನಾನು ಒಂಟಿ ಹೆಂಗಸು. ನೀವು ಹೋಗಿ."

ಪದ್ಮಯ್ಯ ಹೋದ. ಸಂಕದ ಮೇಲೆ ಒಮ್ಮೆ ನಿಂತು ತಿರುಗಿ ನೋಡಿದ. ಬೀಬಿ ದೀಪ ಒಳಗೆ ತೆಗೆದುಕೊಂಡು ಜಗಲಿಯ ಬಾಗಿಲು ಹಾಕಿಕೊಂಡಾಗಿತ್ತು.